ಕೊಟ್ಟಿಗೆ ಬಾಗಿಲು ಅಗಲ ಮಾಡಿಸುವ ಮುನ್ನ

ಹಾಲು ಕರೆಯುವ ಯಂತ್ರದ ಗಾಲಿಗಾಡಿ ಹಳೆಯ ಕೊಟ್ಟಿಗೆ ಬಾಗಿಲಲ್ಲಿ ಹಿಡಿಸದಿದ್ದರೆ, ಮೊದಲು ಹಿಡಿಕೆ, ಗಾಲಿ ಸೇರಿಸಿ ಅಗಲ ಅಳೆಯಿರಿ. ಗಬ್ಬದ ಹಸುವೂ ಮೈ ಉಜ್ಜದೆ ದಾಟಲು 4 ಅಡಿ ಇದ್ದರೆ ಒಳ್ಳೆಯದು.

ಬಾಗಿಲ ಮೇಲಿನ ಗೋಡೆ, ಸೂರಿನ ಭಾರ ಹೊರುವುದು ಲಿಂಟಲ್. ಅದರ ತುದಿ ಕೂತ ಗೋಡೆಯನ್ನೇ ಒಡೆದರೆ ಸೂರು ಕುಸಿದೀತು. ಆದ್ದರಿಂದ ದನಗಳನ್ನು ಹೊರಗೆ ಕಟ್ಟಿ, ಸೂರಿಗೆ ಆಸರೆ ಕಂಬ ಕೊಡಿಸಿ, ಆಮೇಲೆ ಒಡೆಸಿ. ಹೊಸ ಲಿಂಟಲ್ ಎರಡೂ ಕಡೆ ಗೋಡೆ ಮೇಲೆ ಕನಿಷ್ಠ 6 ಅಂಗುಲ ಕೂರಬೇಕು. ಸ್ಥಳದಲ್ಲೇ ಕಾಂಕ್ರೀಟ್ ಹಾಕಿಸಿದರೆ ದಿನವೂ ನೀರು ಹಾಕಿ. ಮೇಸ್ತ್ರಿ ಅವಸರ ಮಾಡಿದರೂ 14 ದಿನ ಆಸರೆ ತೆಗೆಸಬೇಡಿ.

ಹೊಸ್ತಿಲಿನ ಬದಲು ಒರಟು ಇಳಿಜಾರು ಮಾಡಿಸಿ. ಗಾಡಿ ಸಲೀಸಾಗಿ ಹೋಗುತ್ತದೆ, ಹಸುವಿನ ಕಾಲೂ ಜಾರುವುದಿಲ್ಲ.