ಲೋಕ ಮೆಚ್ಚಿದ ಚಿತ್ರವನ್ನು ನಾನು ನೋಡಿದಾಗ

ಸಂಗೀತ ಕಚೇರಿಯಲ್ಲಿ ತೂಕಡಿಸಿದೆನೆಂದು ಸಭ್ಯ ಗೃಹಸ್ಥನೊಬ್ಬ ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ಪಂಡಿತರು ಕೊಂಡಾಡಿದ ಗ್ರಂಥವನ್ನು ಅರ್ಧಕ್ಕೇ ಮುಚ್ಚಿಟ್ಟೆನೆಂದೂ ಹೇಳಬಹುದು. ಆದರೆ ‘ಸಿಟಿಜನ್ ಕೇನ್’ ಚಿತ್ರ ನೋಡಿ ನಿರಾಶೆಯಾಯಿತೆಂದು ಬಾಯಿಬಿಡಲು ನನಗೆ ಹದಿನೈದು ದಿನ ಬೇಕಾಯಿತು.

ಇದಕ್ಕೆ ಕಾರಣ ನನ್ನ ಸೋದರಮಾವ. ಎಪ್ಪತ್ತರ ದಶಕದಲ್ಲಿ, ವಿದ್ಯಾರ್ಥಿಯಾಗಿದ್ದಾಗ, ಬೆಂಗಳೂರಿನ ಫಿಲ್ಮ್ ಸೊಸೈಟಿಯೊಂದು ತೋರಿಸಿದ ಆ ಚಿತ್ರವನ್ನು ನೋಡಿ, ಕೊನೆಯ ಬಸ್ಸು ತಪ್ಪಿಸಿಕೊಂಡು, ಮಲ್ಲೇಶ್ವರದವರೆಗೆ ನಡೆದೇ ಮನೆ ಸೇರಿದವರು ಅವರು. ಆ ನಡಿಗೆಯ ವೃತ್ತಾಂತವನ್ನು ಕೇಳದೆ ನಮ್ಮ ಮನೆಯಲ್ಲಿ ಯಾವ ಹಬ್ಬವೂ ಮುಗಿಯುತ್ತಿರಲಿಲ್ಲ. ಚಿತ್ರದ ಕಥೆ ನಿಂತಿರುವುದೇ ಒಂದು ಒಗಟಿನ ಮೇಲೆ: ಪತ್ರಿಕೋದ್ಯಮದ ಕುಬೇರ ಚಾರ್ಲ್ಸ್ ಫಾಸ್ಟರ್ ಕೇನ್ ಸಾಯುವಾಗ ಉಸುರಿದ ‘ರೋಸ್‌ಬಡ್’ ಎಂಬ ಮಾತಿನ ಅರ್ಥವೇನು? ನೋಡದ ಓದುಗರಿರಬಹುದಾದ್ದರಿಂದ ನಾನಿಲ್ಲಿ ಹೇಳುವುದಿಲ್ಲ. ನನ್ನ ಮಾವನಿಗೆ ಅಂಥ ಸಂಯಮವಿರಲಿಲ್ಲ. ನನಗೆ ಹತ್ತು ವರ್ಷವಾಗಿದ್ದಾಗಲೇ ಹೇಳಿಬಿಟ್ಟಿದ್ದರು!

ಚಿತ್ರ ತೆರೆಕಂಡದ್ದು 1941ರಲ್ಲಿ. ನಿರ್ದೇಶಕ, ನಾಯಕನಟ, ಚಿತ್ರಕಥೆಯ ಸಹಲೇಖಕ ಎಲ್ಲವೂ ಆರ್ಸನ್ ವೆಲ್ಸ್ ಒಬ್ಬನೇ. ಆಗ ಆತನ ವಯಸ್ಸು 25. ಅಷ್ಟು ಚಿಕ್ಕ ಪ್ರಾಯದಲ್ಲಿ ಇದೇನು ಸಾಹಸವೆಂದು ಯಾರಾದರೂ ಬೆರಗಾಗಲೇಬೇಕು. ಈ ವರ್ಷ ಮೈಸೂರಿನ ಮಾವನ ಮನೆಯಲ್ಲಿ, ಅವರ ಪಕ್ಕದಲ್ಲೇ ಕುಳಿತು ಟೆಲಿವಿಷನ್ನಿನಲ್ಲಿ ಅದನ್ನು ನೋಡಿದಾಗ ನಾನೂ ಬೆರಗಾಗಲು ಸಿದ್ಧನಾಗಿಯೇ ಇದ್ದೆ. ಅತ್ತೆ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಾ ಒಂದು ಬದಿಯಲ್ಲಿ ಕುಳಿತಿದ್ದರು. ಮಾವ ಮಾತ್ರ ಕ್ಷಣಕ್ಷಣಕ್ಕೂ ಚಿತ್ರವನ್ನು ನಿಲ್ಲಿಸುತ್ತಿದ್ದರು. “ನೋಡು, ಕೋಣೆಯ ಛಾವಣಿ ಕಾಣುತ್ತಿದೆ! ಅದು ಬರಿಯ ಮಸ್ಲಿನ್ ಬಟ್ಟೆ ಕಣೋ. ಅದರ ಮೇಲೆ ಮೈಕ್ರೋಫೋನು ಅಡಗಿಸಿದ್ದರು.” “ನೋಡು, ಹತ್ತಿರದ್ದೂ ಸ್ಪಷ್ಟ, ದೂರದ್ದೂ ಸ್ಪಷ್ಟ. ಅದು ಗ್ರೆಗ್ ಟೋಲೆಂಡನ ಕ್ಯಾಮೆರಾ!”

ನಾನು ನೋಡಿದೆ. ಛಾವಣಿಯನ್ನೂ ಮೆಚ್ಚಿದೆ. ಗಂಡಹೆಂಡಿರ ಒಲವು ವರ್ಷಗಳ ಮೇಲೆ ವರ್ಷ ಕಳೆದಂತೆ ಆರಿಹೋಗುವುದನ್ನು, ಬೆಳಗಿನ ಉಪಾಹಾರದ ಒಂದೇ ಮೇಜಿನ ಸುತ್ತ ಕೆಲವೇ ನಿಮಿಷಗಳಲ್ಲಿ ತೋರಿಸಿರುವ ಜಾಣ್ಮೆಯನ್ನಂತೂ ಮನಸಾರೆ ಮೆಚ್ಚಿದೆ. ಆದರೆ ಕೇನನಿಗಾಗಿ ನನ್ನ ಕಣ್ಣು ಒಮ್ಮೆಯೂ ಒದ್ದೆಯಾಗಲಿಲ್ಲ. ಐವರು ಐದು ಬಗೆಯಾಗಿ ಅವನ ಕಥೆ ಹೇಳುತ್ತಾರೆ. ಪ್ರತಿಯೊಂದು ಕಥೆಯಲ್ಲೂ ಅವನು ನಮ್ಮಿಂದ ಇನ್ನೂ ಒಂದು ಮಾರು ದೂರ ಸರಿಯುತ್ತಾನೆ. ಹಾಡಲಾರದ ಎರಡನೆಯ ಹೆಂಡತಿ ಸೂಸನ್ನಳನ್ನು ಅವನು ಬಲವಂತದಿಂದ ಒಪೆರಾ ರಂಗಕ್ಕೆ ಏರಿಸಿದಾಗ ನನಗೆ ಅಯ್ಯೋ ಎನಿಸಿದ್ದು ಅವಳ ಬಗ್ಗೆಯೇ. ಪತ್ರಿಕಾ ಕಚೇರಿಯ ಔತಣ, ನರ್ತಕಿಯರು, ಕೇನನ ಕುಣಿತ ಬಂದ ಭಾಗದಲ್ಲಿ ನಾನು ಗೋಡೆಯ ಗಡಿಯಾರ ನೋಡಿದ್ದೂ ಉಂಟು.

ಚಿತ್ರ ಮುಗಿಯಿತು. “ಹೇಗಿತ್ತೋ?” ಎಂದರು ಮಾವ. “ಅದ್ಭುತ ಮಾವ!” ಎಂದೆ. ಅವರ ಮುಖ ಅರಳಿತು. ನನ್ನ ಮುಖ ನನಗೇ ಸಣ್ಣದಾಗಿ ಕಂಡಿತು.

ಊರಿಗೆ ಮರಳಿದ ಮೇಲೆ, ಅಪರಾಧಿಯೊಬ್ಬ ಸಾಕ್ಷಿಗಳನ್ನು ಹುಡುಕುವಂತೆ, ಚಿತ್ರದ ಚರಿತ್ರೆಯನ್ನು ಕೆದಕಿದೆ. ಅದು ಹುಟ್ಟುತ್ತಲೇ ಕಿರೀಟ ಧರಿಸಿದ ಚಿತ್ರವೇನಲ್ಲ. ಕೇನನಲ್ಲಿ ತನ್ನ ಹೋಲಿಕೆ ಕಂಡ ಪತ್ರಿಕಾ ದೊರೆ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್, ತನ್ನ ಪತ್ರಿಕೆಗಳಲ್ಲಿ ಅದರ ಜಾಹೀರಾತಿಗೂ ಎಡೆಗೊಡಲಿಲ್ಲ. ಆರ್.ಕೆ.ಓ. ಸಂಸ್ಥೆಗೆ ನಷ್ಟವಾಯಿತು. ಒಂಬತ್ತು ಆಸ್ಕರ್ ನಾಮನಿರ್ದೇಶನಗಳಲ್ಲಿ ಕೈಗೆ ಬಂದದ್ದು ಚಿತ್ರಕಥೆಗೆ ಒಂದು ಮಾತ್ರ. ಯುದ್ಧಾನಂತರ ಫ್ರಾನ್ಸಿನ ವಿಮರ್ಶಕರು ಅದನ್ನು ಎತ್ತಿಹಿಡಿದರು. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ನಡೆಸುವ ಮತಗಣನೆಯಲ್ಲಿ, 1952ರಲ್ಲಿ ಅದು ಮೊದಲ ಹತ್ತರಲ್ಲೇ ಇರಲಿಲ್ಲ! 1962ರಲ್ಲಿ ಪ್ರಥಮ ಸ್ಥಾನಕ್ಕೇರಿತು. 2012ರಲ್ಲಿ ಹಿಚ್‌ಕಾಕನ ‘ವರ್ಟಿಗೊ’ ಇಳಿಸುವವರೆಗೆ ಅಲ್ಲಿಂದ ಕದಲಲಿಲ್ಲ. 2022ರಲ್ಲಿ ಮೂರನೆಯದಾಯಿತು. ಅರ್ಜೆಂಟೀನಾದ ಮಹಾಲೇಖಕ ಬೋರ್ಹೆಸ್ 1941ರಲ್ಲಿಯೇ ಅದನ್ನು ನಡುವೇ ಇಲ್ಲದ ಚಕ್ರವ್ಯೂಹಕ್ಕೆ ಹೋಲಿಸಿ, ಬೇಸರ ತರಿಸುತ್ತದೆಂದೂ ಬರೆದಿದ್ದರು. ಇದನ್ನು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಆದರೆ ಬೋರ್ಹೆಸ್ ನನ್ನ ಮಾವನಿಗೆ ಸುಳ್ಳು ಹೇಳಿರಲಿಲ್ಲವಲ್ಲ!

ಮುಂದಿನ ಭೇಟಿಯಲ್ಲಿ, ಕಾಫಿಯ ಲೋಟ ಕೆಳಗಿಟ್ಟು, ನಿಜ ಹೇಳಿಬಿಟ್ಟೆ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬೇಸರವಾದದ್ದು ಎಲ್ಲಿ?” ಎಂದು ಕೇಳಿದರು.

“ಆ ಔತಣದ ಕುಣಿತದಲ್ಲಿ.”

“ಅಲ್ಲಿ ನಾವು ಚಪ್ಪಾಳೆ ತಟ್ಟಿದ್ದೆವು ಕಣೋ,” ಎಂದರು, ತುಸು ನೊಂದ ದನಿಯಲ್ಲಿ.

ಆಗ ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವರು. ಚಿತ್ರದ ಬಗ್ಗೆ ಅಂದು ಒಂದು ಮಾತನ್ನೂ ಆಡಿರಲಿಲ್ಲ. “ಆ ತಾಯಿ ಮಗನನ್ನು ಬ್ಯಾಂಕಿನವನ ಜೊತೆ ಕಳಿಸುತ್ತಾಳಲ್ಲ, ಅವಳು ಪೆಟ್ಟಿಗೆ ಕಟ್ಟಿಟ್ಟು ಆಗಲೇ ಒಂದು ವಾರವಾಗಿತ್ತಂತೆ, ಗಮನಿಸಿದಿರಾ?” ಎಂದು ಕೇಳಿದರು. “ಹುಡುಗನಿಗೆ ನಾಲ್ಕು ಬಿಗಿಯಬೇಕೆನ್ನುವ ತಂದೆಯ ಕೈಗೆ ಅವನು ಸಿಗಬಾರದೆಂದು ತಾನೆ ಕಳಿಸಿದ್ದು? ಒಂದು ವಾರ ಆ ಪೆಟ್ಟಿಗೆಯನ್ನು ನೋಡುತ್ತಾ ಮನೆಯಲ್ಲಿ ಓಡಾಡಿದಳಲ್ಲ ಅವಳು.”

ನಾನು ಗಮನಿಸಿರಲಿಲ್ಲ. ಮಾವನ ಮುಖ ನೋಡಿದೆ. ಆ ದೃಶ್ಯವನ್ನು ಅದೆಷ್ಟು ಬಾರಿ ನೋಡಿದ್ದರೋ. ಅವರ ಕಣ್ಣು ಯಾವಾಗಲೂ ಕಿಟಕಿಯಾಚೆ ಹಿಮದಲ್ಲಿ ಆಡುವ ಹುಡುಗನ ಮೇಲೆ, ಅವನನ್ನು ಅಷ್ಟು ದೂರದಲ್ಲೂ ಸ್ಪಷ್ಟವಾಗಿ ಹಿಡಿದ ಟೋಲೆಂಡನ ಕ್ಯಾಮೆರಾದ ಮೇಲೆ.

ಮಾವ ಕನ್ನಡಕ ಒರೆಸಿಕೊಂಡು ರಿಮೋಟು ಹುಡುಕಿದರು. ಅತ್ತೆ ಒಲೆ ಆರಿಸಿ ಬಂದು ಕುಳಿತರು. ಕಾಗದಪತ್ರಗಳಿಗೆ ಸಹಿ ಬೀಳುವ ಆ ಭಾಗವನ್ನಷ್ಟೇ ಮೂವರೂ ಮತ್ತೊಮ್ಮೆ ನೋಡಿದೆವು. ಈ ಸಲ ಮಾವ ಎಲ್ಲಿಯೂ ನಿಲ್ಲಿಸಲಿಲ್ಲ.