ಮಳೆಯಲ್ಲಿ ವಿಮಾನ ಜಾರದಂತೆ ರನ್‌ವೇ ಮೇಲ್ಮೈಯ ನಿರ್ಮಾಣ: ಸಾರ್ವಜನಿಕರ ಮಾಹಿತಿಗಾಗಿ

2023ನೇ ಸಾಲಿನ ಆರಂಭದ ತಿಂಗಳುಗಳಲ್ಲಿ ಮಂಗಳೂರು ವಿಮಾನ ನಿಲ್ದಾಣದ 2,450 ಮೀಟರ್ ಉದ್ದದ ರನ್‌ವೇಯನ್ನು ಹಗಲು ವೇಳೆ ಮುಚ್ಚಿ, ಕಾಂಕ್ರೀಟ್ ಮೇಲ್ಮೈಯ ಮೇಲೆ ಡಾಂಬರಿನ ಹೊದಿಕೆ ಹಾಕಲಾಯಿತು. ವಿಮಾನಗಳ ವೇಳೆ ಬದಲಾಗಿ ಪ್ರಯಾಣಿಕರಿಗೆ ಅನಾನುಕೂಲವಾದರೂ ಇಂತಹ ಕಾಮಗಾರಿಗಳು ಏಕೆ ಅನಿವಾರ್ಯವೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ರನ್‌ವೇ ಒದ್ದೆಯಾದ ಮಾತ್ರಕ್ಕೆ ಅಪಾಯವೆಂದು ಭಾವಿಸಬೇಕಾಗಿಲ್ಲ. ಟೈರು ಮತ್ತು ನೆಲದ ನಡುವಿನ ನೀರಿಗೆ ಹೊರಹೋಗಲು ದಾರಿಯಿಲ್ಲದಿರುವುದೇ ಅಪಾಯ. ವೇಗ ಹೆಚ್ಚಿದ್ದಾಗ ಟೈರು ನೀರನ್ನು ಬದಿಗೆ ತಳ್ಳಲಾರದೆ ಅದರ ಮೇಲೆಯೇ ತೇಲುತ್ತದೆ. ಆಗ ಬ್ರೇಕ್ ಹಾಕಿದರೂ ಪ್ರಯೋಜನವಾಗದು. ಟೈರಿನ ಗಾಳಿಯ ಒತ್ತಡ 200 ಪಿ.ಎಸ್.ಐ. ಇದ್ದಲ್ಲಿ ಈ ಸ್ಥಿತಿಯು ಗಂಟೆಗೆ ಸುಮಾರು 235 ಕಿ.ಮೀ. ವೇಗದಲ್ಲಿ ಉಂಟಾಗಬಹುದೆಂದು ರೂಢಿಯಲ್ಲಿರುವ ಸೂತ್ರವು ತಿಳಿಸುತ್ತದೆ. ಜೆಟ್ ವಿಮಾನಗಳು ನೆಲ ಮುಟ್ಟುವ ವೇಗವೂ ಸರಿಸುಮಾರು ಇದೇ ಆಗಿದೆ.

ಆದ್ದರಿಂದ ರನ್‌ವೇಯ ಮಧ್ಯಭಾಗದಿಂದ ಅಂಚುಗಳ ಕಡೆಗೆ ಶೇಕಡಾ 1ರಿಂದ 1.5ರಷ್ಟು ಇಳಿಜಾರು ನೀಡಲಾಗುತ್ತದೆ. ಸವೆದರೂ ನುಣುಪಾಗದ ಗಟ್ಟಿ ಜಲ್ಲಿಯನ್ನು ಆಯ್ದು, ಮೇಲ್ಮೈಯನ್ನು ಒರಟಾಗಿ ಉಳಿಸಲಾಗುತ್ತದೆ. ಹಲವು ನಿಲ್ದಾಣಗಳಲ್ಲಿ ಇದರ ಜೊತೆಗೆ ಗ್ರೂವಿಂಗ್ ಕೈಗೊಳ್ಳಲಾಗುತ್ತದೆ: ವಜ್ರದ ಹಲ್ಲಿನ ಗರಗಸದಿಂದ ರನ್‌ವೇಗೆ ಅಡ್ಡಲಾಗಿ ಸಾಲುಸಾಲು ಗೀರುಗಳನ್ನು ಕೊರೆಯುವುದು. ಅಮೆರಿಕದ ಮಾನದಂಡದಂತೆ ಪ್ರತಿ ಗೀರು ಸುಮಾರು 6 ಮಿ.ಮೀ. ಅಗಲ, 6 ಮಿ.ಮೀ. ಆಳವಿದ್ದು, ಗೀರಿನಿಂದ ಗೀರಿಗೆ 38 ಮಿ.ಮೀ. ಅಂತರವಿರುತ್ತದೆ. ಟೈರು ಒತ್ತಿದ ನೀರು ಈ ಗೀರುಗಳಿಗೆ ಇಳಿದು ಬದಿಗೆ ಹರಿಯುತ್ತದೆ.

ನಿರ್ಮಾಣದೊಂದಿಗೆ ಕೆಲಸ ಮುಗಿಯುವುದಿಲ್ಲ. ವಿಮಾನ ನೆಲ ಮುಟ್ಟುವ ಜಾಗದಲ್ಲಿ ಟೈರಿನ ರಬ್ಬರು ಕರಗಿ ಅಂಟಿಕೊಂಡು ಗೀರುಗಳನ್ನು ಮುಚ್ಚುತ್ತದೆ. ಒದ್ದೆಯಾದಾಗ ಈ ಪದರವೇ ಅತಿ ಜಾರು. ಹೆಚ್ಚಿನ ಒತ್ತಡದ ನೀರು ಹಾಯಿಸಿ ಇದನ್ನು ತೆಗೆಯಲಾಗುತ್ತದೆ. ವಿಶೇಷ ವಾಹನವೊಂದು ತಾನೇ 1 ಮಿ.ಮೀ. ನೀರು ಹರಡಿ, ಗಂಟೆಗೆ 65 ಮತ್ತು 95 ಕಿ.ಮೀ. ವೇಗದಲ್ಲಿ ಚಲಿಸಿ ಘರ್ಷಣೆಯನ್ನು ಅಳೆಯುತ್ತದೆ. ಲೆಕ್ಕಪತ್ರದಲ್ಲಿ ಚಿಕ್ಕದಾಗಿ ಕಾಣುವ ಈ ನಿರ್ವಹಣಾ ಬಾಬ್ತನ್ನು ಕಡಿತಗೊಳಿಸುವುದು ಉಳಿತಾಯವೆನಿಸದು.

ಮೇಲ್ಮೈಯೊಂದೇ ಪೂರ್ಣ ರಕ್ಷಣೆಯೂ ಅಲ್ಲ. 2020ರ ಆಗಸ್ಟ್ 7ರಂದು ಕೋಳಿಕ್ಕೋಡಿನಲ್ಲಿ ಮಳೆಯ ನಡುವೆ, ಹಿಂಗಾಳಿಯಲ್ಲಿ, ರನ್‌ವೇಯ ಸುಮಾರು ಅರ್ಧ ಭಾಗ ದಾಟಿದ ನಂತರ ನೆಲ ಮುಟ್ಟಿದ ವಿಮಾನವು ಅಂಚಿನಾಚೆ ಉರುಳಿ 21 ಮಂದಿ ಮೃತಪಟ್ಟರು.

ಬಿಸಿ ಡಾಂಬರು ಹಾಕಲು ಒಣ ನೆಲ ಅಗತ್ಯವಿರುವುದರಿಂದ ಇಂತಹ ಕಾಮಗಾರಿಗಳನ್ನು ಸಾಮಾನ್ಯವಾಗಿ ಮುಂಗಾರಿಗೆ ಮುಂಚಿತವಾಗಿ ಕೈಗೊಳ್ಳಲಾಗುತ್ತದೆ. ಆ ಅವಧಿಯಲ್ಲಿ ಪ್ರಯಾಣಿಸುವವರು ಪರಿಷ್ಕೃತ ವೇಳಾಪಟ್ಟಿಯನ್ನು ಸಂಬಂಧಪಟ್ಟ ವಿಮಾನಯಾನ ಸಂಸ್ಥೆಯಿಂದ ಮುಂಚಿತವಾಗಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.