ಅಲನ್ ಕ್ಲಾರ್ಕ್ (ನಿರ್ದೇಶಕ)

ಅಲನ್ ಕ್ಲಾರ್ಕ್ (ಅಕ್ಟೋಬರ್ 28, 1935 – ಜುಲೈ 24, 1990) ಬ್ರಿಟನ್ನಿನ ದೂರದರ್ಶನ ನಾಟಕಗಳ ನಿರ್ದೇಶಕರು. ಸಮಾಜದ ಅಂಚಿನಲ್ಲಿರುವವರ ಬದುಕನ್ನೂ ಸರ್ಕಾರಿ ಸಂಸ್ಥೆಗಳ ಗೋಡೆಗಳೊಳಗಿನ ಹಿಂಸೆಯನ್ನೂ ಅಲಂಕಾರವಿಲ್ಲದೆ ಚಿತ್ರಿಸಿದವರೆಂದು ಇವರನ್ನು ಗುರುತಿಸಲಾಗುತ್ತದೆ. 'ಸ್ಕಮ್', 'ಮೇಡ್ ಇನ್ ಬ್ರಿಟನ್', 'ಎಲಿಫೆಂಟ್' ಮತ್ತು 'ದ ಫರ್ಮ್' ಇವರ ಮುಖ್ಯ ಕೃತಿಗಳು. ಎರಡು ದಶಕಗಳಿಗೂ ಹೆಚ್ಚು ಕಾಲ ಕಿರುತೆರೆಗಾಗಿಯೇ ದುಡಿದ ಇವರ ಹೆಸರು ವ್ಯಾಪಕವಾಗಿ ಪರಿಚಿತವಾದದ್ದು ಮರಣಾನಂತರ.

ಬಾಲ್ಯ ಮತ್ತು ಶಿಕ್ಷಣ

ಕ್ಲಾರ್ಕ್ ಅವರು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಸಮೀಪದಲ್ಲಿರುವ ವಾಲಸೀ ಪಟ್ಟಣದಲ್ಲಿ ಜನಿಸಿದರು. ಯೌವನದಲ್ಲಿ ಕೆನಡಾಕ್ಕೆ ತೆರಳಿ ಕೆಲಕಾಲ ಗಣಿಯಲ್ಲಿ ಕೂಲಿ ಮಾಡಿದರು. ಅನಂತರ ಟೊರಾಂಟೊ ನಗರದ ರೈಯರ್ಸನ್ ಸಂಸ್ಥೆಯಲ್ಲಿ ರೇಡಿಯೊ ಮತ್ತು ದೂರದರ್ಶನ ಕಲೆಗಳನ್ನು ಅಭ್ಯಾಸ ಮಾಡಿದರು. 1960ರ ದಶಕದ ಆರಂಭದಲ್ಲಿ ಸ್ವದೇಶಕ್ಕೆ ಮರಳಿ, ಅಸೋಸಿಯೇಟೆಡ್-ರೆಡಿಫ್ಯೂಷನ್ ಎಂಬ ಖಾಸಗಿ ದೂರದರ್ಶನ ಸಂಸ್ಥೆಯನ್ನು ಸೇರಿದರು. ಅಲ್ಲಿ 'ಹಾಫ್ ಅವರ್ ಸ್ಟೋರಿ' ಮಾಲಿಕೆಯ ಅರ್ಧ ಗಂಟೆಯ ನಾಟಕಗಳನ್ನು ನಿರ್ದೇಶಿಸಿದರು.

ಬಿಬಿಸಿಯಲ್ಲಿ

ಆ ಕಾಲದ ಬ್ರಿಟಿಷ್ ದೂರದರ್ಶನದಲ್ಲಿ, ಧಾರಾವಾಹಿಗಳಂತೆ ಮುಂದುವರಿಯದೆ ಒಂದೇ ರಾತ್ರಿಯಲ್ಲಿ ಮುಗಿಯುವ ಸ್ವತಂತ್ರ ನಾಟಕಗಳಿಗೆ ವಿಶೇಷ ಸ್ಥಾನವಿತ್ತು. ಬಿಬಿಸಿಯ 'ದ ವೆಡ್ನೆಸ್‌ಡೇ ಪ್ಲೇ' ಹಾಗೂ 1970ರಲ್ಲಿ ಅದರ ಸ್ಥಾನಕ್ಕೆ ಬಂದ 'ಪ್ಲೇ ಫಾರ್ ಟುಡೇ' ಇಂತಹ ಮಾಲಿಕೆಗಳು. ಸಮಕಾಲೀನ ಸಮಸ್ಯೆಗಳನ್ನು ಮನೆಮನೆಯ ಪ್ರೇಕ್ಷಕರ ಮುಂದಿಡುವುದು ಇವುಗಳ ವೈಶಿಷ್ಟ್ಯವಾಗಿತ್ತು. ಆದರೆ ದೂರದರ್ಶನ ನಾಟಕವನ್ನು ಮುಖ್ಯವಾಗಿ ಲೇಖಕನ ಕೃತಿಯೆಂದು ಪರಿಗಣಿಸುತ್ತಿದ್ದುದರಿಂದ ನಿರ್ದೇಶಕನ ಹೆಸರು ಹಿನ್ನೆಲೆಯಲ್ಲಿಯೇ ಉಳಿಯುತ್ತಿತ್ತು. ಪ್ರಸಾರವಾದ ನಾಟಕವನ್ನು ಮತ್ತೆ ನೋಡುವ ಅವಕಾಶವೂ ವಿರಳವಾಗಿತ್ತು.

1969ರಿಂದ ಕ್ಲಾರ್ಕ್ ಬಿಬಿಸಿಗಾಗಿ ನಾಟಕಗಳನ್ನು ನಿರ್ದೇಶಿಸತೊಡಗಿದರು. 1972ರ 'ಟು ಎನ್‌ಕರೇಜ್ ದಿ ಅದರ್ಸ್' ನಾಟಕವು ಪೊಲೀಸ್ ಅಧಿಕಾರಿಯೊಬ್ಬರ ಕೊಲೆ ಪ್ರಕರಣದಲ್ಲಿ 1953ರಲ್ಲಿ ಗಲ್ಲಿಗೇರಿಸಲ್ಪಟ್ಟ 19 ವರ್ಷದ ಡೆರೆಕ್ ಬೆಂಟ್ಲಿಯ ವಿಚಾರಣೆಯನ್ನು ಪ್ರಶ್ನಿಸಿತು. ಗುಂಡು ಹಾರಿಸಿದವನು ಬೆಂಟ್ಲಿಯಲ್ಲ, ಆತನ ಸಂಗಡಿಗನಾಗಿದ್ದ. ಬೆಂಟ್ಲಿಯ ಮೇಲಿನ ತೀರ್ಪನ್ನು ನ್ಯಾಯಾಲಯವು ರದ್ದುಪಡಿಸಿದ್ದು 1998ರಲ್ಲಿ. ಡೇವಿಡ್ ರಡ್ಕಿನ್ ರಚಿಸಿದ 'ಪೆಂಡಾಸ್ ಫೆನ್' (1974) ಇದಕ್ಕಿಂತ ತೀರ ಭಿನ್ನವಾದುದು. ಗ್ರಾಮೀಣ ಇಂಗ್ಲೆಂಡಿನ ಪಾದ್ರಿಯೊಬ್ಬರ ಮನೆಯಲ್ಲಿ ಬೆಳೆಯುವ ಹುಡುಗನೊಬ್ಬನ ಕನಸು ಹಾಗೂ ದರ್ಶನಗಳ ಕಥೆ ಅದು.

'ಸ್ಕಮ್' ವಿವಾದ

ಬೋರ್ಸ್ಟಲ್ ಎಂಬುದು ಅಪರಾಧವೆಸಗಿದ ತರುಣರನ್ನು ಸುಧಾರಣೆಗೆಂದು ಇರಿಸುತ್ತಿದ್ದ ಸರ್ಕಾರಿ ಬಂದೀಗೃಹ. ಅಲ್ಲಿನ ಹೊಡೆತ, ಜನಾಂಗೀಯ ನಿಂದನೆ, ಅತ್ಯಾಚಾರ ಮತ್ತು ಆತ್ಮಹತ್ಯೆಗಳನ್ನು ಕುರಿತು ರಾಯ್ ಮಿಂಟನ್ ಬರೆದ 'ಸ್ಕಮ್' ನಾಟಕವನ್ನು ಕ್ಲಾರ್ಕ್ 1977ರಲ್ಲಿ ಬಿಬಿಸಿಗಾಗಿ ಚಿತ್ರೀಕರಿಸಿದರು. ಮುಖ್ಯ ಪಾತ್ರದಲ್ಲಿ ರೇ ವಿನ್‌ಸ್ಟನ್ ನಟಿಸಿದ್ದರು. ಚಿತ್ರ ಪೂರ್ಣಗೊಂಡ ಬಳಿಕ ಬಿಬಿಸಿಯ ಆಡಳಿತವು ಅದರ ಪ್ರಸಾರವನ್ನು ತಡೆಹಿಡಿಯಿತು. ಇಷ್ಟೊಂದು ಕ್ರೂರ ಘಟನೆಗಳನ್ನು ಅಲ್ಪಾವಧಿಯ ಕಥೆಯಲ್ಲಿ ಒಟ್ಟುಗೂಡಿಸಿರುವುದು ವಾಸ್ತವದ ತಪ್ಪು ಚಿತ್ರಣವನ್ನು ನೀಡುತ್ತದೆ, ಸಾಕ್ಷ್ಯಚಿತ್ರದಂತಹ ಶೈಲಿಯಿಂದಾಗಿ ಪ್ರೇಕ್ಷಕರು ಅದನ್ನೇ ನಿಜವೆಂದು ನಂಬಬಹುದು ಎಂಬುದು ಆಕ್ಷೇಪಣೆಯಾಗಿತ್ತು.

ಕ್ಲಾರ್ಕ್ ಮತ್ತು ಮಿಂಟನ್ ಅದೇ ಕಥೆಯನ್ನು 1979ರಲ್ಲಿ ಚಲನಚಿತ್ರವಾಗಿ ಪುನಃ ನಿರ್ಮಿಸಿದರು. ವಿನ್‌ಸ್ಟನ್ ಅವರೇ ಮತ್ತೆ ನಾಯಕರಾದರು. ಬೋರ್ಸ್ಟಲ್ ವ್ಯವಸ್ಥೆಯನ್ನು 1982ರ ಶಾಸನವು ಕೊನೆಗೊಳಿಸಿತು. ಮೂಲ ದೂರದರ್ಶನ ನಾಟಕವನ್ನು ಬಿಬಿಸಿ ಪ್ರಸಾರ ಮಾಡಿದ್ದು 1991ರಲ್ಲಿ. ಆ ವೇಳೆಗೆ ಕ್ಲಾರ್ಕ್ ತೀರಿಕೊಂಡು ಒಂದು ವರ್ಷವಾಗಿತ್ತು.

1980ರ ದಶಕ ಮತ್ತು ಶೈಲಿ

ಡೇವಿಡ್ ಲೀಲ್ಯಾಂಡ್ ಬರೆದ 'ಮೇಡ್ ಇನ್ ಬ್ರಿಟನ್' 1983ರಲ್ಲಿ ಐಟಿವಿಯಲ್ಲಿ ಪ್ರಸಾರವಾಯಿತು. ಬುದ್ಧಿವಂತನಾದರೂ ಎಲ್ಲರ ಮೇಲೂ ದ್ವೇಷ ಕಾರುವ, ಯಾವ ಶಿಕ್ಷೆಗೂ ಬಗ್ಗದ 16 ವರ್ಷದ ಹುಡುಗನ ಪಾತ್ರದಲ್ಲಿ ಟಿಮ್ ರಾತ್ ಮೊದಲ ಬಾರಿಗೆ ಕಿರುತೆರೆಗೆ ಬಂದರು. ಇದರಲ್ಲಿ ಕ್ಲಾರ್ಕ್ ಸ್ಟೆಡಿಕ್ಯಾಮ್ ಬಳಸಿದರು. ಕ್ಯಾಮೆರಾವನ್ನು ಮೈಗೆ ಕಟ್ಟಿಕೊಂಡು, ನಡೆಯುತ್ತಲೇ, ದೃಶ್ಯ ಅಲುಗಾಡದಂತೆ ಚಿತ್ರೀಕರಿಸಲು ನೆರವಾಗುವ ಸಾಧನ ಇದು. ನಡೆಯುತ್ತಿರುವ ಪಾತ್ರವನ್ನು ದೀರ್ಘಕಾಲ ಹಿಂಬಾಲಿಸುವ ದೃಶ್ಯಗಳು ಮುಂದೆ ಇವರ ಶೈಲಿಯ ಗುರುತಾದವು. ಮನೆಯಿಂದ ಮನೆಗೆ ಹೆರಾಯಿನ್ ತಲುಪಿಸುವ ಹುಡುಗಿಯ ಕಥೆಯಾದ 'ಕ್ರಿಸ್ಟೀನ್' (1987) ಮತ್ತು ಜಿಮ್ ಕಾರ್ಟ್‌ರೈಟ್ ಅವರ ರಂಗನಾಟಕವನ್ನು ಆಧರಿಸಿದ 'ರೋಡ್' (1987) ಇದಕ್ಕೆ ನಿದರ್ಶನಗಳು.

ಉತ್ತರ ಐರ್ಲೆಂಡಿನ ಸಂಘರ್ಷವನ್ನು ಕುರಿತ 'ಎಲಿಫೆಂಟ್' (1989) ಇವರ ಅತ್ಯಂತ ಕಠೋರ ಕೃತಿ. ಸುಮಾರು 40 ನಿಮಿಷಗಳ ಈ ಚಿತ್ರದಲ್ಲಿ ಒಂದರ ಹಿಂದೊಂದರಂತೆ 18 ಕೊಲೆಗಳು ನಡೆಯುತ್ತವೆ. ಮಾತುಗಳು ಇಲ್ಲವೆನ್ನುವಷ್ಟು ಕಡಿಮೆ. ಕೊಂದವರು ಯಾರು, ಸತ್ತವರು ಯಾರು, ಯಾವ ಪಕ್ಷದವರು ಎಂಬುದನ್ನು ಚಿತ್ರವು ಹೇಳುವುದಿಲ್ಲ. ಪ್ರತಿ ಕೊಲೆಯ ಬಳಿಕವೂ ಕ್ಯಾಮೆರಾ ಶವದ ಮೇಲೆ ನಿಲ್ಲುತ್ತದೆ. ಕಾರಣಗಳನ್ನು ಚರ್ಚಿಸುವುದರಲ್ಲಿಯೇ ಮರೆತುಹೋಗುವ ಸಾವನ್ನು ಪ್ರೇಕ್ಷಕರು ದಿಟ್ಟಿಸಿ ನೋಡುವಂತಾಗುತ್ತದೆ. ಮನೆಯ ನಡುಕೋಣೆಯಲ್ಲಿಯೇ ಆನೆಯಿದ್ದರೂ ಅದಕ್ಕೆ ಒಗ್ಗಿಹೋದ ಸ್ಥಿತಿಯನ್ನು ಶೀರ್ಷಿಕೆ ಸೂಚಿಸುತ್ತದೆ. ಮುಂದೆ ನಿರ್ದೇಶಕರಾಗಿ ಖ್ಯಾತರಾದ ಡ್ಯಾನಿ ಬಾಯ್ಲ್ ಇದರ ನಿರ್ಮಾಪಕರಾಗಿದ್ದರು.

ಅದೇ ವರ್ಷದ 'ದ ಫರ್ಮ್' ಚಿತ್ರದಲ್ಲಿ ಗ್ಯಾರಿ ಓಲ್ಡ್‌ಮನ್ ನಾಯಕ. ಫುಟ್‌ಬಾಲ್ ಪಂದ್ಯಗಳ ನೆಪದಲ್ಲಿ ಹೊಡೆದಾಡುವ ಪುಂಡರ ನಾಯಕನನ್ನು ಬಡ ನಿರುದ್ಯೋಗಿಯಾಗಿ ಚಿತ್ರಿಸದೆ, ಸ್ವಂತ ಮನೆ, ಪತ್ನಿ ಮತ್ತು ಮಗುವಿರುವ, ಮನೆ-ಆಸ್ತಿಗಳ ಮಾರಾಟದ ಉದ್ಯೋಗದಲ್ಲಿರುವ ವ್ಯಕ್ತಿಯನ್ನಾಗಿ ಚಿತ್ರಿಸಿದ್ದು ಇದರ ವೈಶಿಷ್ಟ್ಯ.

ನಿಧನ ಮತ್ತು ಪ್ರಭಾವ

ಕ್ಲಾರ್ಕ್ ಅವರು ಕ್ಯಾನ್ಸರ್‌ನಿಂದ ತಮ್ಮ 54ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು. ಅಮೆರಿಕದ ಗಸ್ ವಾನ್ ಸ್ಯಾಂಟ್ ಶಾಲೆಯೊಂದರಲ್ಲಿ ನಡೆಯುವ ಗುಂಡಿನ ದಾಳಿಯನ್ನು ಕುರಿತ ತಮ್ಮ ಚಿತ್ರಕ್ಕೆ 'ಎಲಿಫೆಂಟ್' ಎಂಬ ಹೆಸರನ್ನೇ ಇಟ್ಟರು. ನಡೆಯುವವರನ್ನು ಹಿಂಬಾಲಿಸುವ ಕ್ಯಾಮೆರಾ ಚಲನೆಯಲ್ಲಿಯೂ ಕ್ಲಾರ್ಕ್ ಅವರ ಪ್ರಭಾವವನ್ನು ಕಾಣಬಹುದು. ಆ ಚಿತ್ರಕ್ಕೆ 2003ರ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಲಭಿಸಿತು. 2016ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಿಬಿಸಿಗಾಗಿ ಇವರು ಮಾಡಿದ ಕೃತಿಗಳಲ್ಲಿ ಉಳಿದಿರುವವುಗಳನ್ನು ಸಂಗ್ರಹಿಸಿ ಡಿಸ್ಕ್ ರೂಪದಲ್ಲಿ ಹೊರತಂದಿತು.

ಪ್ರಮುಖ ಕೃತಿಗಳು

ಟು ಎನ್‌ಕರೇಜ್ ದಿ ಅದರ್ಸ್ (1972)
ಪೆಂಡಾಸ್ ಫೆನ್ (1974)
ಸ್ಕಮ್ (ದೂರದರ್ಶನ ನಾಟಕ 1977, ಚಲನಚಿತ್ರ 1979)
ಬಾಲ್ (1982)
ಮೇಡ್ ಇನ್ ಬ್ರಿಟನ್ (1983)
ಕಾಂಟ್ಯಾಕ್ಟ್ (1985)
ಕ್ರಿಸ್ಟೀನ್ (1987)
ರೋಡ್ (1987)
ರೀಟಾ, ಸ್ಯೂ ಅಂಡ್ ಬಾಬ್ ಟೂ (ಚಲನಚಿತ್ರ, 1987)
ಎಲಿಫೆಂಟ್ (1989)
ದ ಫರ್ಮ್ (1989)